ಅಬು ಹಲೀಫಾದ ಫೌಜದಾರ

ಅಮೆರಿಕದ ಪಶ್ಚಿಮ ಗಡಿಯಲ್ಲಿ, ಕಳ್ಳರಿಗಿಂತ ಕುದುರೆಗಳೇ ಮರ್ಯಾದಸ್ಥವಾಗಿದ್ದ ಒಂದು ಊರಿನ ಕಾನೂನು ಸುವ್ಯವಸ್ಥೆಯನ್ನು ಎರಡು ವರ್ಷ ಕಾಪಾಡಿದವನು ನಮ್ಮ ಕಾಕಾ. ಅದೂ ಕುವೈತಿನ ಅಬು ಹಲೀಫಾದಲ್ಲಿ, ನಮ್ಮ ಮನೆಯ ಸೋಫಾದ ಮೇಲೆ ಕೂತು, ಶುಕ್ರವಾರಕ್ಕೊಮ್ಮೆ! ನಗಬೇಡಿ. ಆ ಸೋಫಾದ ಎಡಗಡೆಯ ಸ್ಪ್ರಿಂಗು ಮುರಿದದ್ದೇ ಕಾಕಾ ಅದರ ಮೇಲೆ ಕಳ್ಳರ ಬೆನ್ನಟ್ಟಿದಾಗ.

ಕಾಕಾ ನನ್ನ ಅಪ್ಪನ ತಮ್ಮ. ನಮ್ಮದು ಮುಧೋಳದ ಕಡೆಯ ಊರು. ಅಲ್ಲಿ ಕಾಕಾನನ್ನು ಪ್ರೀತಿಯಿಂದ ಏಕವಚನದಲ್ಲೇ ಕರೆಯುತ್ತೇವೆ. ಮೈಸೂರಿನವಳಾದ ನನ್ನ ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಇದು ದೊಡ್ಡ ಆಘಾತ. "ದೊಡ್ಡವರನ್ನ ಬಾ, ಹೋಗು ಅಂತೀರಲ್ರೀ!" ಎಂದು ಅವಳು ನನಗೆ ಎಷ್ಟು ಬುದ್ಧಿ ಹೇಳಿದರೂ ನಾನು ತಿದ್ದಿಕೊಳ್ಳಲಿಲ್ಲ. ಈ ಬರಹದಲ್ಲೂ ತಿದ್ದಿಕೊಳ್ಳುವುದಿಲ್ಲ.

ಕಾಕಾ ಇಲ್ಲಿ ಕ್ರೇನ್ ಆಪರೇಟರ್. ಇರುವುದು ಕಂಪನಿಯ ಕ್ಯಾಂಪಿನಲ್ಲಿ, ಒಂದು ಕೋಣೆಗೆ ಆರು ಜನ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಅವನ ದರ್ಜೆಯವರಿಗೆ ಸಿಗುತ್ತಿರಲಿಲ್ಲ. ಹೀಗಾಗಿ ಅವನ ಹೆಂಡತಿ, ಅಂದರೆ ನಮ್ಮ ಕಾಕು, ಮತ್ತು ಒಬ್ಬಳೇ ಮಗಳು ಊರಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕಾಕಾ ಇಲ್ಲಿಗೆ ಬರುವಾಗ ಮಗಳು ಅಂಗಳದಲ್ಲಿ ಬಿದ್ದು ಎದ್ದು ನಡೆಯುತ್ತಿದ್ದಳು. ಈಗ ಪಿಯುಸಿ ಓದುತ್ತಿದ್ದಳು. ಪ್ರತಿ ಶುಕ್ರವಾರ ನಮ್ಮಲ್ಲಿಗೆ ಬಂದು, ಜೋಳದ ರೊಟ್ಟಿ ಉಂಡು, ನಮ್ಮ ಫೋನಿನಲ್ಲಿ ಊರಿಗೆ ಮಾತಾಡಿ, ಸೋಫಾದ ಮೇಲೆ ಕಾಲು ಚಾಚಿದರೆ ಕಾಕಾನ ವಾರ ಮುಗಿಯಿತು.

ಇನ್ನು ಕಾಕಾನ ಬಣ್ಣ. ಹೇಳದೆ ವಿಧಿಯಿಲ್ಲ, ಏಕೆಂದರೆ ಕಥೆ ಇರುವುದೇ ಅಲ್ಲಿ. ಕಾಕಾ ಕಪ್ಪು. ಊರಿನವರ ಬಾಯಲ್ಲಿ 'ಕರಿ ಕಾಕಾ'. ಕನ್ಯೆ ನೋಡಲು ಹೋದಾಗ ಜೊತೆಗೆ ಬೆಳ್ಳಗಿನ ಗೆಳೆಯನನ್ನು ಕರೆದುಕೊಂಡು ಹೋಗುವ ತಪ್ಪು ಮಾಡಿದ್ದ. ಹೆಣ್ಣಿನ ಮನೆಯವರು ಚಹಾ, ಚೂಡಾ ಎಲ್ಲವನ್ನೂ ಗೆಳೆಯನ ಮುಂದಿಟ್ಟು ಅವನನ್ನೇ ಮೇಲಿಂದ ಕೆಳಗೆ ನೋಡುತ್ತ ಕೂತರಂತೆ. ಕಾಕಾ ಸಾಲೆಯ ಹುಡುಗರ ಹಾಗೆ ಕೈ ಎತ್ತಿ, "ವರಾ ನಾನ್ರೀ" ಅಂದನಂತೆ. ಕಾಕು ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳು. ಆ ನಗುವಿನಲ್ಲೇ ಲಗ್ನ ನಿಕ್ಕಿಯಾಯಿತು!

ಇಂಥ ಕಾಕಾನಿಗೆ ಆ ಸಿನಿಮಾ ಸಿಕ್ಕಿದ್ದು ಒಂದು ತಪ್ಪಿನಿಂದ. ಕ್ಯಾಸೆಟ್ಟಿನ ಕಾಲ. ನಾವು ಕೇಳಿದ್ದು ಕನ್ನಡದ ಹಳೆಯ ಪೌರಾಣಿಕ ಚಿತ್ರ. ವಿಡಿಯೋ ಅಂಗಡಿಯ ಮಲಯಾಳಿ ಯಜಮಾನ ಡಬ್ಬಿ ಅದಲುಬದಲು ಮಾಡಿ ಕೊಟ್ಟಿದ್ದ. ಹಚ್ಚಿ ನೋಡಿದರೆ ಧೂಳು, ಕುದುರೆ, ಇಂಗ್ಲಿಷು. ನಾನು ಬಂದ್ ಮಾಡಲು ಎದ್ದೆ.

"ಏ, ತಡಿ ತಡಿ! ಕುದರಿ ಮ್ಯಾಲ ಕುಂತಾಂವ ಯಾರವ?" ಎಂದ ಕಾಕಾ.

"ಹೀರೋ ಇರಬೇಕು ಕಾಕಾ."

"ನನ್ನ ಬಣ್ಣದಾಂವ... ಹೀರೋ?"

"ಹೌದು."

"ಎದಿ ಮ್ಯಾಲ ಏನದು ಹೊಳ್ಯಾಕತ್ತೈತಿ?"

"ಪೊಲೀಸ್ ಬಿಲ್ಲೆ."

ಕಾಕಾ ನಿಧಾನವಾಗಿ ನೆಟ್ಟಗೆ ಕೂತ. "ಅಂದ್ರ ಫೌಜದಾರ!"

ಗುಲಾಮನಾಗಿ ಹುಟ್ಟಿದ ಒಬ್ಬ ಕಪ್ಪು ಮನುಷ್ಯ, ಆ ಸೀಮೆಯಲ್ಲಿ ತನ್ನವರ ಪೈಕಿ ಮೊತ್ತಮೊದಲಿಗೆ ಕಾನೂನಿನ ಬಿಲ್ಲೆ ಧರಿಸಿದ ಕಥೆ ಅದು. ಊಟದ ಮನೆಗೆ ಹೋದರೆ ಹಿಂದಿನ ಬಾಗಿಲಿನಿಂದ ಬಾ ಅನ್ನುತ್ತಾರೆ. ಅವನು ಮುಂದಿನ ಬಾಗಿಲಿನಿಂದಲೇ ಹೋಗಿ, ಟೋಪಿ ತೆಗೆದಿಟ್ಟು, ಕೂರುತ್ತಾನೆ. ಯಾರೂ ಊಟ ಕೊಡುವುದಿಲ್ಲ. ಮರುದಿನ ಮತ್ತೆ ಹೋಗಿ ಕೂರುತ್ತಾನೆ. ಅವನ ಬಂದೂಕಿನಿಂದ ಗುಂಡು ಹಾರುವುದು ಇಡೀ ಚಿತ್ರದಲ್ಲಿ ಎರಡೇ ಸಲ. ಅಂದು ಕಾಕಾ ರೊಟ್ಟಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನೇ ಮರೆತಿದ್ದ.

ಮುಂದಿನ ಶುಕ್ರವಾರ ಅದೇ ಸಿನಿಮಾ. ಅದರ ಮುಂದಿನ ಶುಕ್ರವಾರ? ಮತ್ತೇನು ಕೇಳುತ್ತೀರಿ! ಆ ಕ್ಯಾಸೆಟ್ಟನ್ನು ಇನ್ನು ಯಾರೂ ಒಯ್ಯುವುದಿಲ್ಲ ಎಂದು ಅಂಗಡಿಯ ಯಜಮಾನ ನಮಗೇ ಕೊಟ್ಟುಬಿಟ್ಟ.

ಕಾಕಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಏಳು ವರ್ಷದ ಮಗಳೇ ದುಭಾಷಿ.

"ಏನಂದಾ ಫೌಜದಾರ?"

"ಹೀ ಸೆಡ್, ಗನ್ ಕೆಳಗೆ ಇಡು."

"ಇಷ್ಟೊತ್ತು ತುಟಿ ಬಡದು ಅಷ್ಟ ಅಂದಾನ? ಸಾಧ್ಯ ಇಲ್ಲ!" ಎಂದು ಕಾಕಾ ತಾನೇ ಫೌಜದಾರನ ಗತ್ತಿನಲ್ಲಿ ಶುರುಮಾಡುತ್ತಿದ್ದ: "ಏ ಮಗನ, ನಿಮ್ಮವ್ವ ನಿನಗ ರೊಟ್ಟಿ ಹಾಕಿ ಬೆಳಸಿದ್ದು ಇದಕ್ಕೇನು? ಇಡು ಬಂದೂಕು ಕೆಳಗ. ಕೈಕಾಲು ತೊಳಕೊಂಡು ಜೈಲಿಗೆ ನಡಿ!"

"ಬಟ್ ಹೀ ಡಿಡಂಟ್ ಸೇ ದಟ್, ಅಜ್ಜಾ!"

"ಮನಸ್ಸಿನ್ಯಾಗ ಅಂದಾನವ್ವಾ. ನಿನಗ ಕೇಳಿಸಿಲ್ಲ."

ಹುಚ್ಚು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕೆಲಸದ ಜಾಗದ ಹೆಲ್ಮೆಟ್ಟಿಗೆ ರಟ್ಟು ಕತ್ತರಿಸಿ ಸುತ್ತಲೂ ಅಂಚು ಅಂಟಿಸಿಕೊಂಡು ಕ್ರೇನ್ ಹತ್ತಿದ. ಕೆಳಗೆ ನಿಂತ ಸುರಕ್ಷತಾ ಅಧಿಕಾರಿ ಅರಬ್ಬಿಯಲ್ಲಿ ಕಿರುಚಿದ. "ಬಿಸಲ ಭಾಯಿ, ಬಿಸಲ" ಎಂದು ಕಾಕಾ ಮೇಲಿನಿಂದ ಸಮಜಾಯಿಷಿ ಕೊಟ್ಟ, ಕನ್ನಡದಲ್ಲಿ. ಅವನನ್ನು ಕೆಳಗಿಳಿಸಿ, "ಖಲಾಸ್!" ಎನ್ನುತ್ತ ಅಧಿಕಾರಿ ರಟ್ಟನ್ನು ಹರಿದು ಗಾಳಿಗೆ ತೂರಿದ. ಫೌಜದಾರಿಕೆಯ ಟೋಪಿ ಮರುಭೂಮಿಯಲ್ಲಿ ಉರುಳಿ ಹೋಯಿತು.

ಆಮೇಲೆ ಕುದುರೆ. ಊರಾಚೆಯ ಒಂದು ಲಾಯದಲ್ಲಿ ಸವಾರಿ ಮಾಡಿಸುತ್ತಾರೆಂದು ತಿಳಿದು ನನ್ನನ್ನೂ ಎಳೆದುಕೊಂಡು ಹೋದ. ಸ್ಟೂಲು ಹತ್ತಿ ಕುದುರೆ ಏರಿದ್ದೇನೋ ಆಯಿತು. ಲಾಯದವನು "ಯಲ್ಲಾ!" ಎಂದು ಕುದುರೆಯನ್ನು ಹೊರಡಿಸಿದ. ಕುದುರೆ ನಾಲ್ಕು ಹೆಜ್ಜೆ ಹಾಕಿ, ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ನಿಂತಿತು. ನಿಂತಿದ್ದು ನಿಂತೇ ಇತ್ತು! ಮುಕ್ಕಾಲು ಗಂಟೆ ಕಾಕಾ ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು, ದಿಗಂತ ನೋಡುತ್ತ ಕೂತ. ಇಳಿದ ಮೇಲೆ ಹೇಳಿದ: "ಗಸ್ತು ಅಂದ್ರ ಓಡೂದಲ್ಲೋ. ನಿಂತು ನೋಡೂದು."

ಒಂದು ಶುಕ್ರವಾರ ಕಾಕಾ ಊರಿಗೆ ಫೋನು ಮಾಡಿದಾಗ ಅವನ ಮಗಳೇ ಎತ್ತಿದಳು. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ನಾಟಕ. ಅವಳು ರಾಣಿಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ರಾಣಿಯ ಪಾತ್ರ ಬೇರೆ ಹುಡುಗಿಗೆ ಹೋಯಿತು. ಇವಳಿಗೆ ರಾಕ್ಷಸಿಯ ಪಾತ್ರ. "ನಿನಗ ಬಣ್ಣ ಹಚ್ಚೂ ತ್ರಾಸ ಇಲ್ಲ ನೋಡವಾ" ಎಂದು ನಾಟಕ ಕಲಿಸುವವರು ತಮಾಷೆ ಮಾಡಿದರಂತೆ. ಎಲ್ಲರೂ ನಕ್ಕರು. ಇವಳು ನಾಟಕವನ್ನೇ ಬಿಟ್ಟಳು. ಇದನ್ನೆಲ್ಲ ಹೇಳಿ ಕೊನೆಗೆ ಅಪ್ಪನನ್ನು ಕೇಳಿದಳು: "ಎಲ್ಲಾ ಬಿಟ್ಟು ನಿನ್ನ ಬಣ್ಣಾನ ಯಾಕ ಬಂತಪಾ ನನಗ?"

ಕಾಕಾ ಫೋನಿನಲ್ಲಿ ಹೆಹ್ಹೆ ಎಂದು ನಕ್ಕ. ಫೋನಿಟ್ಟ. ನಮಗೂ ಅದನ್ನು ನಗುತ್ತಲೇ ಹೇಳಿದ. ಎರಡನೆಯ ರೊಟ್ಟಿ ಹಾಕಲು ಬಂದ ನನ್ನ ಹೆಂಡತಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಅಂದು ಸಿನಿಮಾ ಹಚ್ಚು ಅನ್ನಲಿಲ್ಲ.

ಮುಂದಿನ ವಾರ ಬಂದವನೇ ಘೋಷಿಸಿದ: "ಆ ಪಿಕ್ಚರ್ ಆಕಿ ನೋಡಬೇಕು. ಆಕಿಗೆ ಇಂಗ್ಲಿಷ್ ತಿಳಿಯಂಗಿಲ್ಲ. ಪೂರ್ತಿ ಕನ್ನಡ ಮಾಡೂಣು!"

ಅಂಗಡಿಯ ಯಜಮಾನ ಇನ್ನೊಂದು ಮಷಿನ್ನು, ಒಂದು ಮೈಕು ತಂದು ನಮ್ಮ ಟಿವಿಗೆ ಜೋಡಿಸಿದ. ಒಂದು ಮಷಿನ್ನಿನಲ್ಲಿ ಸಿನಿಮಾ ಓಡುತ್ತದೆ. ಇನ್ನೊಂದರಲ್ಲಿ ಅದೇ ಚಿತ್ರ ನಮ್ಮ ದನಿಯೊಂದಿಗೆ ಅಚ್ಚಾಗುತ್ತದೆ. ಫೌಜದಾರ, ಕಳ್ಳರು, ನ್ಯಾಯಾಧೀಶ, ಕುದುರೆ ಎಲ್ಲವೂ ಕಾಕಾ. ಚಿತ್ರದಲ್ಲಿ ಒಬ್ಬ ವಿಧವೆ ಇದ್ದಾಳೆ; ಆ ಪಾತ್ರ ನನ್ನ ಹೆಂಡತಿಗೆ ಬಂತು. ಹೀಗಾಗಿ ಅಮೆರಿಕದ ಆ ಊರಿನಲ್ಲಿ ಫೌಜದಾರ, "ಬಾಗಲಾ ತಗೀರಿ, ಅಂಜಬ್ಯಾಡ್ರಿ" ಎಂದರೆ, ಒಳಗಿನಿಂದ ವಿಧವೆ, "ಅಯ್ಯೋ, ನೀವಾ? ಬನ್ನಿ ಬನ್ನಿ, ಕಾಫಿ ಕುಡ್ಕೊಂಡ್ ಹೋಗೋರಂತೆ" ಅನ್ನುತ್ತಾಳೆ. ಖಳನಾಯಕ ಬಂದೂಕೆತ್ತಿದ ಕ್ಷಣಕ್ಕೆ ಸರಿಯಾಗಿ ನಮ್ಮ ಕುಕ್ಕರು ಮೂರು ಸೀಟಿ ಹೊಡೆಯಿತು. ಅಷ್ಟರಲ್ಲಿ ಎದುರಿನ ಮಸೀದಿಯ ಬಾಂಗ್. ಕಾಕಾ ಗೌರವದಿಂದ ಬಾಯಿ ಮುಚ್ಚಿದ, ಸಿನಿಮಾ ಮುಚ್ಚಲಿಲ್ಲ. ಒಂದು ಇಡೀ ದೃಶ್ಯದಲ್ಲಿ ಕಳ್ಳರೆಲ್ಲ ತುಟಿ ಅಲುಗಿಸುತ್ತಾರೆ, ಕೇಳಿಸುವುದು ಬಾಂಗ್ ಮಾತ್ರ. ಮತ್ತೆ ಮಾಡೋಣ ಎಂದರೆ, "ಇರಲಿ ಬಿಡು, ಬಾಂಗ್ ಕೇಳಿಯಾದ್ರೂ ಅವರಿಗೆ ಒಳ್ಳೇ ಬುದ್ಧಿ ಬರಲಿ" ಎಂದ!

ಎರಡು ತಾಸಿನ ಆ ಸಿನಿಮಾ ಮುಗಿಯುವಾಗ ಕಾಕಾನ ಗಂಟಲು ಒಡೆದಿತ್ತು. ಹಿಂದಿನ ರಜೆಯಲ್ಲಿ ಕಾಕಾ ಒಯ್ದಿದ್ದ ವಿಡಿಯೋ ಮಷಿನ್ನು ಊರ ಮನೆಯಲ್ಲಿತ್ತು; ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕ್ಯಾಸೆಟ್ಟು ಹೋಯಿತು. ಅವರ ಬ್ಯಾಗಿನಲ್ಲಿ ಅದು ಬಟ್ಟೆಗಳ ನಡುವೆಯೇ ಇದೆಯೇ ಎಂದು ಕಾಕಾ ಎರಡು ಸಲ ಜಿಪ್ಪು ತೆಗೆಸಿ ನೋಡಿದ್ದ.

ಮುಟ್ಟಿತು ಎಂದಳು ಕಾಕು. ಅಷ್ಟೇ. ಮಗಳು ಫೋನಿಗೆ ಬರಲಿಲ್ಲ.

"ಓದಾಕತ್ತಾಳಂತ," ಎಂದ ಕಾಕಾ ನಮಗೆ. ಮುಂದಿನ ವಾರ, "ಗೆಳತಿ ಮನಿಗೆ ಹೋಗ್ಯಾಳಂತ." ಅದರ ಮುಂದಿನ ವಾರ ಫೋನಿಟ್ಟವನೇ ನೇರ ಊಟಕ್ಕೆ ಕೂತ. ಆ ಶುಕ್ರವಾರಗಳಲ್ಲಿ ಆ ಊರಿನ ಕಳ್ಳರಿಗೆ ಪೂರ್ತಿ ಸ್ವಾತಂತ್ರ್ಯ. ಕಾಕಾ ಟಿವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಉಂಡು, ಬಾಲ್ಕನಿಯಲ್ಲಿ ಕೂತು, ಎದುರಿನ ಸಮುದ್ರ ನೋಡುತ್ತಿದ್ದ. ಒಮ್ಮೆ ನನ್ನನ್ನು ಕರೆದು ಕೇಳಿದ: "ನಾ ಕಳಸಬಾರದಿತ್ತೇನೋ? ಆಕಿಗೆ ಸಿಟ್ಟ ಬಂದಿರಬೇಕು."

ಆರನೆಯ ಶುಕ್ರವಾರ ನಮ್ಮ ವಿಳಾಸಕ್ಕೆ ಕಾಕಾನ ಹೆಸರಿನ ಕಾಗದ ಬಂದಿತ್ತು. ಮಗಳ ಅಕ್ಷರ. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಕೈಗಿಟ್ಟ. "ನೀನ ಓದು. ಚಸಮಾ ಬಿಟ್ಟು ಬಂದೀನಿ." ಚಸಮಾ ಅವನ ಅಂಗಿಯ ಜೇಬಿನಲ್ಲೇ ಇತ್ತು. ನಾನು ನೋಡದವನ ಹಾಗೆ ಓದಿದೆ.

"ಅಪ್ಪಾ, ಕ್ಯಾಸೆಟ್ ಬಂದು ಭಾಳ ದಿನ ಆತು. ನಾ ಮುಟ್ಟಲಿಲ್ಲ. ಪಿಕ್ಚರ್ ಕಳಿಸಿ ನನ್ನ ಸಮಾಧಾನ ಮಾಡತಾನ ಅಂತ ಸಿಟ್ಟು ಬಂದಿತ್ತು. ಮೊನ್ನೆ ಅವ್ವ ಹಚ್ಚಿದ್ಲು. ನಾ ಹಿತ್ತಲದಾಗ ಬಟ್ಟಿ ಒಣ ಹಾಕಾಕತ್ತಿದ್ದೆ. ಒಳಗ ನಿನ್ನ ದನಿ ಕೇಳಿಸ್ತು. ನೀ ಹೇಳದ ಕೇಳದ ಬಂದೀ ಅಂತ ತಿಳದು ಹಸೀ ಬಟ್ಟಿ ಅಲ್ಲೇ ಒಗದು ಓಡಿ ಬಂದೆ. ನೋಡಿದ್ರ ಟಿವಿ. ನನಗ ಅಳು ಬಂತು. ಫೋನಿನ್ಯಾಗ ನೀ ಯಾವಾಗಲೂ ಅವಸರ ಮಾಡತಿ. ನಿನ್ನ ಮಾತು ಎರಡು ತಾಸು ಕೂತು ಕೇಳಿದ್ದು ನನಗ ನೆನಪಿಲ್ಲ. ದಿನಾ ಹಚ್ಚತೀನಿ. ಫೌಜದಾರನ ಕಥಿ ಇನ್ನೂ ಪೂರ್ತಿ ತಿಳದಿಲ್ಲ, ನಾ ಬರೇ ನಿನ್ನ ದನಿ ಕೇಳತೀನಿ. ಮುಂದಿನ ವರ್ಷ ರಾಣಿ ಪಾರ್ಟು ಕೇಳಾಕಿ ಅದೀನಿ. ಕೊಡಲಿಲ್ಲಂದ್ರ ಮತ್ತ ಕೇಳತೀನಿ. ಅವತ್ತು ಹಂಗ ಅಂದದ್ದು ತಪ್ಪಾತು."

ಓದಿ ಮುಗಿಸಿದೆ. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು. ಕಾಕಾ ಎದ್ದು ಫೋನಿನ ಹತ್ತಿರ ಹೋಗಿ ನಂಬರು ತಿರುಗಿಸಿದ. ಎರಡು ತಾಸು ಒಂದು ಊರಿಗೆ ಊರನ್ನೇ ಮಾತಾಡಿಸಿದ್ದವನು, ರಿಸೀವರು ಕಿವಿಗೆ ಹಿಡಿದು ಸುಮ್ಮನೆ ನಿಂತ. ಆ ಕಡೆಯಿಂದ "ಅಪ್ಪಾ? ಹಲೋ, ಅಪ್ಪಾ?" ಅನ್ನುವುದು ನನಗೂ ಕೇಳಿಸುತ್ತಿತ್ತು. ಕಾಕಾ ರಿಸೀವರನ್ನು ನನ್ನ ಕಡೆ ಚಾಚಿದ, ನಾನು ತೆಗೆದುಕೊಳ್ಳುವ ಮೊದಲೇ ಹಿಂದಕ್ಕೆ ಎಳೆದುಕೊಂಡ.

"ಊಟಾ ಆತೇನವ್ವಾ?" ಎಂದ.

ಅವಳು ಏನೋ ಹೇಳಿದಳು.

"ಏನ ಪಲ್ಯಾ ಮಾಡಿದ್ರಿ?" ಎಂದು ಕೇಳಿ, ಗೋಡೆಗೆ ಹಣೆ ಹಚ್ಚಿ ನಿಂತ. "ಹೂಂ... ಹೇಳು. ನನಗೇನ ಅವಸರ ಇಲ್ಲ, ಹೇಳು."