ಮುದಿ ಡಬ್ಬಿಯ ಓಟ

ಎಲ್ಲ ಫಜೀತಿಗೂ ಕಾರಣ ಬೆಳಿಗ್ಗೆ ಮ್ಯಾನೇಜರ್ ಮೇಡಂ ನಡೆಯುತ್ತಲೇ ಎಸೆದುಹೋದ ಒಂದು ಮಾತು: "ಮೂರು ಗಂಟೆಗೆ ಆಸ್ಪತ್ರೆಯವರು ಬರ್ತಾರೆ. ನಿಮ್ಮ ಹಳೇ ಡಬ್ಬಿ ಹೇಗೆ ಓಡತ್ತೆ ಅಂತ ತೋರಿಸಬೇಕು."

ಡಬ್ಬಿ ಎಂದರೆ ಆಸ್ಪತ್ರೆಯೊಳಗೆ ಎಕ್ಸ್‌ರೇ ಚಿತ್ರಗಳನ್ನು ಸಾಗಿಸುವ ನೆಟ್‌ವರ್ಕ್ ಪೆಟ್ಟಿಗೆ. ಅದರ ನೆಟ್‌ವರ್ಕ್ ಕಾರ್ಡನ್ನು ನಡೆಸುವ 'ಡ್ರೈವರ್' ಎಂಬ ಸಾಫ್ಟ್‌ವೇರ್ ಬರೆದವನು ನಮ್ಮ ಕಥಾನಾಯಕ. ಆರು ವರ್ಷದಿಂದ ಅದರದೇ ಆರೈಕೆ ಮಾಡುತ್ತಿದ್ದವನಿಗೆ ಆಫೀಸಿನಲ್ಲಿ 'ಡಬ್ಬಿ ಡಾಕ್ಟರ್' ಎಂದೇ ಹೆಸರು ಬಿದ್ದಿತ್ತು. ಮುಂದಿನ ವಾರ ಹೊಸ ಯಂತ್ರದ ತಂಡಕ್ಕೆ ಸೇರಿಸುವುದಾಗಿ ಮೇಡಂ ಕೊನೆಗೂ ಮಾತು ಕೊಟ್ಟಿದ್ದರು. ಹೋಗುವ ಮುನ್ನ ಆಸ್ಪತ್ರೆಯವರ ಎದುರು ಮಾನ ಹೋಗಬಾರದಲ್ಲ!

ಡಬ್ಬಿ ಆಮೆಯಂತೆ ತೆವಳುವ ರೋಗಕ್ಕೆ ಕಾರಣವೇನೋ ಅವನಿಗೆ ಗೊತ್ತಿತ್ತು. ಬರುವ ಒಂದೊಂದು ಪ್ಯಾಕೆಟ್ಟಿಗೂ, ಅಂದರೆ ಚಿತ್ರದ ಒಂದೊಂದು ತುಣುಕಿಗೂ, ಡ್ರೈವರ್ ಹೊಸದಾಗಿ ಮೆಮೊರಿ ಬೇಡುತ್ತಿತ್ತು, ಕೆಲಸ ಮುಗಿದೊಡನೆ ಹಿಂದಿರುಗಿಸುತ್ತಿತ್ತು. ಊಟಕ್ಕೆ ಬಂದ ಪ್ರತಿಯೊಬ್ಬರಿಗೂ ಅಂಗಡಿಗೆ ಓಡಿ ತಟ್ಟೆ ತಂದು, ಉಂಡಮೇಲೆ ಅದನ್ನು ಅಂಗಡಿಗೇ ಒಪ್ಪಿಸಿ ಬಂದ ಹಾಗೆ. ಒಂದಷ್ಟು ತಟ್ಟೆ ಕೈಯಳತೆಯಲ್ಲೇ ಇಟ್ಟುಕೊಂಡು ಮತ್ತೆಮತ್ತೆ ಬಳಸಿದರಾಯಿತು. ಅಂಗಿಯ ತೋಳು ಮಡಚಿ ಕೆಲಸಕ್ಕೆ ಕೂತ.

"ಎಷ್ಟು ತಟ್ಟೆ ಇಡ್ತೀಯಪ್ಪ?" ಪಕ್ಕದ ಮೇಜಿನ ಹಿರಿಯರು ಕತ್ತು ಚಾಚಿದರು.

"ಒಂದು ಸಾವಿರ ಸಾಕು ಸಾರ್."

"ಛೆ ಛೆ, ಜಿಪುಣ! ಲಕ್ಷ ಇಡು."

ಹಿರಿಯರ ಮಾತು ಮೀರದೆ ಲಕ್ಷ ಇಟ್ಟ. ಇದ್ದಬದ್ದ ಮೆಮೊರಿಯನ್ನೆಲ್ಲ ನುಂಗಿದ ಡಬ್ಬಿ, ಹೊಟ್ಟೆ ಬಿರಿಯ ಉಂಡ ಹೆಬ್ಬಾವಿನಂತೆ ಅಲ್ಲಾಡದೆ ಬಿದ್ದುಕೊಂಡಿತು. ಹಿರಿಯರು ಕಾಫಿ ನೆಪದಲ್ಲಿ ಮಾಯವಾದರು.

ಸಾವಿರಕ್ಕೆ ಇಳಿಸಿದಾಗ ಡಬ್ಬಿ ಓಡಿತು. ಅಷ್ಟರಲ್ಲಿ ಪರೀಕ್ಷೆಯ ವಿಭಾಗದ ಅಕ್ಕ ಕಿರುಚಿದರು: "ಏನ್ರೀ ಇದು! ಮಂಡಿಯ ಎಕ್ಸ್‌ರೇ ಕಳಿಸಿದ್ರೆ ಅರ್ಧ ಮಂಡಿ, ಇನ್ನರ್ಧ ಯಾರದೋ ಹಲ್ಲು!"

ಡಬ್ಬಿ ಡಾಕ್ಟರ್ ಮತ್ತೆ ಡ್ರೈವರ್‌ನೊಳಗೆ ತಲೆ ಹಾಕಿದ. ಡಬ್ಬಿಯ ಮಿದುಳಾದ ಪ್ರೊಸೆಸರ್ ತಾನು ಈಚೆಗೆ ನೋಡಿದ್ದರ ಪ್ರತಿಯನ್ನು 'ಕ್ಯಾಶ್' ಎಂಬ ಕಿಸೆಯಲ್ಲಿ ಇಟ್ಟುಕೊಳ್ಳುತ್ತದೆ. ಬಳಸಿದ ತಟ್ಟೆಗೇ ಕಾರ್ಡು ಹೊಸ ಚಿತ್ರ ಬಡಿಸುತ್ತಿದ್ದರೂ ಈ ಪ್ರೊಸೆಸರ್ ಮಹಾರಾಯ ಕಿಸೆಯಲ್ಲಿದ್ದ ಹಳೆಯದನ್ನೇ ಓದುತ್ತಿದ್ದ! ಪ್ರತಿ ಸಲವೂ ಕಿಸೆ ಝಾಡಿಸಿ ಹೊಸದನ್ನು ನೋಡುವಂತೆ ಇನ್ನೆರಡು ಸಾಲು ಸೇರಿಸಿದ. ಮಂಡಿ ಇಡಿಯಾಗಿ ಬಂದಾಗ ಗಂಟೆ ಮೂರಾಗಲು ಐದು ನಿಮಿಷ.

ಆಸ್ಪತ್ರೆಯ ಮುಖ್ಯಸ್ಥೆ ಬಂದು ಕೂತರು. ಮೇಜಿನ ಮೇಲೆ ಹಳೆಯ ಡಬ್ಬಿಯ ಪಕ್ಕದಲ್ಲೇ, ಅದೇ ಕೆಲಸಕ್ಕೆಂದು ಕಂಪನಿ ಮಾಡಿದ್ದ ಹೊಸ ಯಂತ್ರವೂ ಮಿರುಗುತ್ತಿತ್ತು. ಮೇಡಂ ನಗುನಗುತ್ತ ಗುಂಡಿ ಒತ್ತಿದರು. ಹೊಸದು ಐದು ಸೆಕೆಂಡಿನಲ್ಲಿ ಚಿತ್ರ ತಂದಿತು. ಹಳೆಯದು ಎರಡರಲ್ಲಿ!

ಹೊಸ ತಂಡದವರು ಅವನ ಆರು ವರ್ಷದ ಹಿಂದಿನ ಡ್ರೈವರನ್ನೇ ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದರು. ರೋಗವೂ ಜೊತೆಗೇ ಹೋಗಿತ್ತು.

ಕೋಣೆ ಚಪ್ಪಾಳೆಯಿಂದ ತುಂಬಿತು. ಎಲ್ಲಕ್ಕಿಂತ ಜೋರು ಹಿರಿಯರದು: "ಐಡಿಯಾ ನಂದೇ!" ಡಾಕ್ಟರ್ ಎದೆ ಎರಡು ಅಂಗುಲ ಉಬ್ಬಿತು. ಮೇಡಂ ಮುಖ ಮಾತ್ರ ಸುಟ್ಟ ಬದನೆಕಾಯಿ.

"ಹಳೇದು ಎಷ್ಟು ನಿಧಾನ ಅಂತ ತೋರಿಸಿ ಹೊಸದನ್ನ ಮಾರೋಕೆ ಅಲ್ವೇನ್ರೀ ಅವರನ್ನ ಕರೆಸಿದ್ದು!" ಎಂದು ಅವನ ಕಿವಿಯ ಬಳಿ ಬಗ್ಗಿ ಹಲ್ಲು ಕಡಿದರು.

ಮುಖ್ಯಸ್ಥೆ ಮಾತ್ರ ಅವನ ಕೈ ಹಿಡಿದು ಕುಲುಕುತ್ತಿದ್ದರು. "ಭೇಷ್! ಇಂಥ ಡಬ್ಬಿ ಇನ್ನು ಎಷ್ಟು ವರ್ಷ ಬಾಳಿಕೆ ಬರಬಹುದು?"

ಹೊಗಳಿಕೆಗೆ ಅವನ ಬಾಯಿ ತಾನಾಗಿ ತೆರೆಯಿತು. "ಹದಿನೈದು ವರ್ಷ ಏನೂ ಆಗಲ್ಲ ಮೇಡಂ! ನಾನು ಗ್ಯಾರಂಟಿ."

"ಹಾಗಾದ್ರೆ ಹೊಸದು ಯಾಕೆ? ನಮ್ಮ ನಲವತ್ತು ಡಬ್ಬಿಗೂ ಇದೇ ಸಾಫ್ಟ್‌ವೇರ್ ಹಾಕಿಕೊಡಿ." ಮುಖ್ಯಸ್ಥೆ ಮ್ಯಾನೇಜರ್ ಕಡೆ ತಿರುಗಿದರು. "ಆದ್ರೆ ಒಂದು ಷರತ್ತು. ಆ ಹದಿನೈದು ವರ್ಷವೂ ಇವರನ್ನ ಬೇರೆ ಯಾವ ಕೆಲಸಕ್ಕೂ ಹಾಕಬಾರದು."

ಆ ದಿನ ಮೊದಲ ಬಾರಿಗೆ ಮೇಡಂ ಮನಸಾರೆ ನಕ್ಕರು. "ಖಂಡಿತ. ಈಗಲೇ ಬರೆದುಕೊಡ್ತೀನಿ."

ಚಪ್ಪಾಳೆ ಇನ್ನೂ ಜೋರಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಡಬ್ಬಿ ಡಾಕ್ಟರ್ ತಾನೂ ಚಪ್ಪಾಳೆ ತಟ್ಟುತ್ತಿದ್ದ.