ಹೆಲ್ಮೆಟ್ಟಿಗೆ ಕಿಟಕಿ ಇಡಿಸಿದ್ದು

ಇನ್ನೊಬ್ಬರ ತಲೆಯ ಮೇಲೆ ಏನಿರಬೇಕೆಂದು ಹೇಳುವುದರಲ್ಲಿ ನಮ್ಮ ಜನಕ್ಕೆ ಎಲ್ಲಿಲ್ಲದ ಉತ್ಸಾಹ. ಒಳಗೇನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಗಂಡಸು ಬರಿದಲೆಯಲ್ಲಿ ಹೊಸ್ತಿಲು ದಾಟಿದರೆ ಸೂತಕ ಎಂದೇ ಅರ್ಥ. ನಮ್ಮ ತಂದೆಯವರು ಅಂಗಳದ ಎಮ್ಮೆಯನ್ನು ಬೈಯಲು ಹೊರಡುವಾಗಲೂ ರುಮಾಲು ಸುತ್ತಿಕೊಳ್ಳುತ್ತಿದ್ದರು. ಮುಂಬಯಿಗೆ ಬಂದು ನಾನು ಬಿಟ್ಟ ಪದ್ಧತಿಗಳು ಅನೇಕ. ಆದರೆ ತಲೆಯ ವಿಷಯದಲ್ಲಿ ತಂದೆಯವರ ಮಾತು ಮೀರಿಲ್ಲ.

ಅಂಧೇರಿಯ ನಮ್ಮ ಚಾಳಿನಿಂದ ಗ್ರಾಂಟ್ ರೋಡಿನ ಆಫೀಸಿಗೆ ಲೋಕಲ್‌ನಲ್ಲಿ ಹೋಗಿ ಹೋಗಿ, ಅಪರಿಚಿತರ ಬೆವರಿನಲ್ಲೂ ಜಾತಿಭೇದ ಗುರುತಿಸುವಷ್ಟು ಪಳಗಿದ ಮೇಲೆ, ಒಂದು ಹಳೆಯ ಮೋಟಾರ್ ಸೈಕಲ್ ಕೊಂಡೆ. ಅದರ ಮೇಲೆ ಕೂತಾಗ ನನ್ನ ಅಕ್ಕಪಕ್ಕ ಯಾರೂ ಇರುವುದಿಲ್ಲ ಎಂಬ ಸುಖಕ್ಕೆ ಸಮನಾದದ್ದು ಈ ಊರಿನಲ್ಲಿಲ್ಲ. ನಮ್ಮಾಕೆ ಒಂದು ಷರತ್ತು ಹಾಕಿದಳು. ಹಳೆಯ ಸಾಮಾನಿನ ಪೇಟೆಯಿಂದ ಯುದ್ಧಕಾಲದ ಒಂದು ಉಕ್ಕಿನ ಹೆಲ್ಮೆಟ್ ತರಿಸಿ ಮುಂದಿಟ್ಟು, “ಯಾವತ್ತು ಇದು ತಲಿ ಮ್ಯಾಲೆ ಇರಂಗಿಲ್ಲೋ, ಅವತ್ತ ಗಾಡಿ ಬಾಗಲಾಗ ಇರಂಗಿಲ್ಲ ನೋಡ್ರಿ” ಎಂದಳು.

ಆಗ ಮುಂಬಯಿಯಲ್ಲಿ ಹೆಲ್ಮೆಟ್ ಹಾಕುವ ಮನುಷ್ಯ ಅಪರೂಪ. ಚಾಳಿನ ಮಕ್ಕಳು ನನ್ನನ್ನು ಬೆಂಕಿ ಆರಿಸುವ ಬಂಬ್‌ವಾಲಾ ಎಂದರು. ಆದರೆ ಬೆಂಕಿ ಇದ್ದದ್ದು ಹೆಲ್ಮೆಟ್ಟಿನ ಒಳಗೇ. ದಾದರ್ ದಾಟುವ ಹೊತ್ತಿಗೆ ನನ್ನ ತಲೆ ಬೆಂದ ಗೆಣಸಿನ ಹದಕ್ಕೆ ಬರುತ್ತಿತ್ತು.

ಮೇಲಿನ ಖೋಲಿಯ ಕಾಮತರು ದಿನಾ ವಿಚಾರಿಸುತ್ತಿದ್ದರು. “ಹೇಗುಂಟು ಮಾರಾಯ್ರೆ ತಲೆ? ಕಷ್ಟ ಆದ್ರೆ ಬಿಟ್ಬಿಡಿ. ಗಾಡಿ ಮಾರುದಾದ್ರೆ ನಂಗೊಂದು ಮಾತು ಹೇಳಿ, ಆಯ್ತಾ?” ಅವರ ಅನುಕಂಪದ ತುದಿಯಲ್ಲಿ ಯಾವಾಗಲೂ ನನ್ನ ಮೋಟಾರ್ ಸೈಕಲ್ ನಿಂತಿರುತ್ತಿತ್ತು. ಆದರೂ ಸಲಹೆ ಕೊಡುವುದರಲ್ಲಿ ಅವರು ಜಿಪುಣರಲ್ಲ. “ಗಾಳಿ ಬೇಕು ಮಾರಾಯ್ರೆ. ಮನೆಗೆ ಕಿಟಕಿ ಇಲ್ವಾ? ಹಾಗೆ.”

ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ಕಿಟಕಿ ಇಡಿಸಿದೆ. ಮಿಸ್ತ್ರಿ ಊಟಕ್ಕೆ ಬಡಿಸುವವನಂತೆ, “ಔರ್ ಏಕ್ ಮಾರೂಂ, ಸಾಬ್?” ಎನ್ನುತ್ತ ಒಂದಾದ ಮೇಲೊಂದು ರಂಧ್ರ ಕೊರೆದ. ನಾನೂ ನೆಂಟರ ಮನೆಯ ಸಂಕೋಚದಲ್ಲಿ ಬೇಡವೆನ್ನಲಿಲ್ಲ. ಮರುದಿನ ಗಾಡಿ ವೇಗ ಹಿಡಿದಾಗ ಆ ರಂಧ್ರಗಳೆಲ್ಲ ಸಿಳ್ಳೆ ಹಾಕತೊಡಗಿದವು. ಮಾಹಿಮ್‌ನಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದು, “ಶಿಟ್ಟೀ ಕೋಣಾಲಾ ಮಾರ್ತೋಸ್?” ಎಂದು ಗದರಿದ. ಸಿಳ್ಳೆ ಹಾಕಿದ್ದು ನಾನಲ್ಲ, ನನ್ನ ಹೆಲ್ಮೆಟ್ ಎಂದು ವಿವರಿಸುವಷ್ಟು ಮರಾಠಿ ನನಗಿರಲಿಲ್ಲ.

ತಲೆ ಮಾತ್ರ ತಣ್ಣಗಾಗಲಿಲ್ಲ. ಮತ್ತೆ ಕಾಮತರೇ ದಾರಿ ತೋರಿಸಿದರು. ಬೇಸಿಗೆಯಲ್ಲಿ ದೊಡ್ಡ ಸಾಹೇಬರ ಬಾಗಿಲಿಗೆ ತಂಪಿಗೆಂದು ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದಿಲ್ಲವೇ, ಹಾಗೆ. ಒಳಗೆ ಲಾವಂಚ ಹೊಲಿಸಿ, ನೆನೆಸಿ ಹೊರಟೆ. ನಡು ಮೇ ತಿಂಗಳಲ್ಲಿ ನಾನೊಬ್ಬನೇ ತೊಟ್ಟಿಕ್ಕುತ್ತ ಆಫೀಸು ಹೊಕ್ಕಾಗ ನಮ್ಮ ಸಾಹೇಬರು ಕಿಟಕಿಯಿಂದ ಹೊರಗೆ ಇಣುಕಿ ಆಕಾಶ ನೋಡಿದರು. ಮೂಗಿಗೆ ದೇವರಮನೆ, ನೆತ್ತಿಗೆ ಬಚ್ಚಲಮನೆ!

ಕೊನೆಗೆ ನಾನು ಸೋತೆ. “ಈ ಹೆಲ್ಮೆಟ್ ನನ್ನಿಂದಾಗದು. ಗಾಡಿ ಮಾರಿಬಿಡೋಣ” ಎಂದೆ. ಸುದ್ದಿ ಹೇಗೆ ಮೇಲೇರಿತೋ, ಕಾಮತರು ಇಳಿದೇ ಬಂದರು. ಆದರೆ ನಮ್ಮಾಕೆಗೆ ಏನು ಮರುಕ ಬಂತೋ, “ತಡೀರಿ, ಬಿಗಿ ಆಗಿದ್ರ ಸಡ್ಲ ಮಾಡೂಣು. ಒಮ್ಮೆ ನನ್ನೆದುರಿಗೆ ಹಾಕ್ಕೊಂಡು ತೋರಸ್ರಿ” ಎಂದಳು. ದಿನವೂ ನಾನು ಹೆಲ್ಮೆಟ್ ಹಾಕುತ್ತಿದ್ದುದು ಕೆಳಗೆ, ಗಾಡಿಯ ಹತ್ತಿರ. ಅವಳು ಹತ್ತಿರದಿಂದ ನೋಡಿದ್ದಿಲ್ಲ.

ನಾನು ಗೂಟದಿಂದ ನನ್ನ ಉಣ್ಣೆಯ ಕರಿ ಟೊಪ್ಪಿಗೆ ತೆಗೆದು ಹಾಕಿಕೊಂಡೆ. ಅದರ ಮೇಲೆ ಹೆಲ್ಮೆಟ್ ಒತ್ತಿದೆ.

“ಅಯ್ಯ ನನ್ನ ಶಿವನ! ಟೊಪ್ಪಿಗಿ ಮ್ಯಾಲೆ ಟೊಪ್ಪಿಗಿ?”

“ಬರಿದಲೆಯಲ್ಲಿ ಹೊರಗೆ ಹೋಗಲೇನು?”

“ಮತ್ತ ಆ ಕಬ್ಬಣದ್ದು ಏನ್ರಿ, ಕೊಡಪಾನನ?”

ಆ ಕಡೆಯಿಂದ ನಾನು ಯೋಚಿಸಿರಲೇ ಇಲ್ಲ. ಟೊಪ್ಪಿಗೆಯನ್ನು ನಾನು ತಲೆಯ ಲೆಕ್ಕದಲ್ಲೇ ಹಿಡಿದಿದ್ದೆ. ಕಾಮತರು ತಿರುಗಿ ಮೆಟ್ಟಿಲು ಹತ್ತಿದರು. ಅಷ್ಟು ದುಃಖದ ಬೆನ್ನನ್ನು ನಾನು ಸ್ಮಶಾನದಲ್ಲೂ ಕಂಡಿಲ್ಲ.

ಟೊಪ್ಪಿಗೆ ತೆಗೆದರೆ ಹೆಲ್ಮೆಟ್ ಸಡಿಲವಾಗಿ ಕಣ್ಣಿಗಿಳಿಯಿತು. ನಮ್ಮಾಕೆ ಲಾವಂಚ ಕಿತ್ತೆಸೆದು, ಆ ಟೊಪ್ಪಿಗೆಯನ್ನೇ ಪಟ್ಟಿಯಾಗಿ ಕತ್ತರಿಸಿ ಒಳಗೆ ಸುತ್ತಲೂ ಹೊಲಿದಳು. ಮರುದಿನ ಗಾಡಿ ಓಡಿದಾಗ ನೆತ್ತಿಯ ಮೇಲೆ ಗಾಳಿ ಆಡಿತು. ಸಿಳ್ಳೆಯೂ ಹಿತವೆನಿಸಿತು. ಮಾಹಿಮ್‌ನ ಪೊಲೀಸನಿಗೆ ಈ ಸಲ ನಾನೇ ಕೈಯೆತ್ತಿ ನಮಸ್ಕಾರ ಮಾಡಿದೆ.

ಆಫೀಸಿನ ಬಾಗಿಲಲ್ಲಿ ಹೆಲ್ಮೆಟ್ ತೆಗೆಯಲು ಕೈಯೆತ್ತಿದಾಗ ನೆನಪಾಯಿತು, ನನ್ನ ಟೊಪ್ಪಿಗೆ ಅದರೊಳಗೇ ಹೊಲಿದುಹೋಗಿದೆ. ಒಳಗೆ ಸಾಹೇಬರು, ಗುಮಾಸ್ತರು; ಕಿವಿಯಲ್ಲಿ ತಂದೆಯವರ ಮಾತು. ಎತ್ತಿದ ಕೈಯಿಂದಲೇ ಹೆಲ್ಮೆಟ್ಟನ್ನು ಇನ್ನಷ್ಟು ಒತ್ತಿಕೊಂಡು ಒಳನಡೆದೆ. “ಏನ್ರೀ, ಛಾವಣಿ ಬೀಳುತ್ತದೆಯೇ?” ಎಂದು ಸಾಹೇಬರು ಕೇಳಿದರು. ಮುಂಜಾಗ್ರತೆ ಸರ್, ಎಂದು ಸಂಜೆಯವರೆಗೂ ಹಾಗೆಯೇ ಕೂತು ಕೆಲಸ ಮಾಡಿದೆ. ಒಂದು ಮಾತು ಒಪ್ಪಲೇಬೇಕು: ಪಂಖದ ಕೆಳಗೆ ಆ ಕಿಟಕಿಗಳಿಂದ ಬಹಳ ಒಳ್ಳೆಯ ಗಾಳಿ ಬರುತ್ತದೆ.