ಭಾವನ ಅಂಗಡಿಗೆ ನಾನು ಕೊಟ್ಟ ನವಜೀವನ

ಅಂಗಡಿಗೆ ಮುಖ ಮುಖ್ಯ. ಮುಖ ತೊಳೆದು ಬೊಟ್ಟಿಟ್ಟರೆ ಗಿರಾಕಿ ತಾನಾಗಿ ಬರುತ್ತಾನೆ. ಈ ಮಹಾಸತ್ಯವನ್ನು ನಾನು ಕಂಡುಕೊಂಡದ್ದು ತಿರುವನಂತಪುರದ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ, ಕಡತಗಳ ಮಧ್ಯೆ ಕೂತು. ಅಲ್ಲಿ ನಾನು ಗುಮಾಸ್ತ. ಮೈಸೂರಿನಿಂದ ಬಂದು ನಾಲ್ಕು ವರ್ಷವಾಗಿತ್ತು. ವ್ಯಾಪಾರದ ಗಂಧಗಾಳಿ ಇರಲಿಲ್ಲ. ಅದಕ್ಕೇ ಧೈರ್ಯವಿತ್ತು!

ವ್ಯಾಪಾರ ಇದ್ದದ್ದು ನನ್ನ ಹೆಂಡತಿ ಸರೋಜಳ ಅಣ್ಣನಿಗೆ, ಅಂದರೆ ನನ್ನ ಭಾವ ನಂಜುಂಡಯ್ಯನವರಿಗೆ. ಎರ್ನಾಕುಲಂ ಪೇಟೆಯಲ್ಲಿ ಹದಿನೈದು ವರ್ಷದಿಂದ 'ಶ್ರೀ ನಂಜುಂಡೇಶ್ವರ ಜವಳಿ ಅಂಗಡಿ'ಯನ್ನು ನಡೆಸುತ್ತಿದ್ದರು. ನಡೆಸುತ್ತಿದ್ದರು ಎಂದರೆ, ಬೆಳಿಗ್ಗೆ ಬಾಗಿಲ ಹಲಗೆ ತೆಗೆಯುತ್ತಿದ್ದರು, ಸಂಜೆ ಹಾಕುತ್ತಿದ್ದರು. ಊರಿಗೆ ಊರೇ ಬಿಳಿ ಮುಂಡು ಉಡುವ ಕಡೆ ನಮ್ಮ ಭಾವ ಗಿಳಿಹಸಿರು, ಕುಂಕುಮಗೆಂಪಿನ ಚೌಕಳಿ ಸೀರೆ ಹರಡಿಕೊಂಡು ಕೂತಿದ್ದರು. ಸೀರೆಯ ಮೇಲೆ ನೊಣ ಕೂತರೂ ಗಿರಾಕಿ ಬಂದಷ್ಟೇ ಸಂತೋಷಪಡುತ್ತಿದ್ದರಂತೆ.

ಕಟ್ಟಡದ ಮಾಲೀಕ ಪಕ್ಕದ ಛತ್ರಿ ಅಂಗಡಿಯ ಪೈಲಿ. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಪೇಟೆಗೆಲ್ಲ ಪೈಲಿ ಚೇಟ್ಟನ್, ಅಂದರೆ ಪೈಲಿ ಅಣ್ಣ. ಸೂರು ಸೋರುವ ವಿಚಾರಕ್ಕೆ ಜಗಳವಾಗಿ ಅವನಿಗೂ ಭಾವನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಆ ಮಳೆಗಾಲ ಪೈಲಿ ಒಂದು ಚೀಟಿ ಕಳಿಸಿದ: ಓಣಂ ಆದಮೇಲೆ ಅಂಗಡಿ ಖಾಲಿ ಮಾಡಬೇಕು, ತನ್ನ ಛತ್ರಿಗಳಿಗೆ ಜಾಗ ಸಾಲದು.

"ಛತ್ರಿಗೋಸ್ಕರ ನಮ್ಮಣ್ಣ ಬೀದಿಗೆ ಬರ್ಬೇಕೇನ್ರೀ?" ಎಂದು ಸರೋಜ ಕಣ್ಣೊರೆಸಿಕೊಂಡಳು.

"ನಾನಿದ್ದೀನಲ್ಲ!" ಎಂದೆ. ಅವಳು ಇನ್ನಷ್ಟು ಅತ್ತಳು.

ನನ್ನ ಯೋಜನೆ ಸರಳವಾಗಿತ್ತು. ಹಳೆಯ ಹೆಸರು ಕಿತ್ತು 'ನವಜೀವನ ಸ್ಟೋರ್ಸ್' ಎಂಬ ಹೊಸ ಬೋರ್ಡು. ಚೌಕಳಿ ಸೀರೆಗೆ ರಜೆ, ಬಾಲರಾಮಪುರದ ನೇಕಾರರಿಂದ ಜರಿಯಂಚಿನ ಬಿಳಿ ಮುಂಡು. ಬೀದಿಗೆ ಮುಖಮಾಡಿ ಒಂದು ಉದ್ದನೆಯ ಗಾಜಿನ ಕಪಾಟು, ಅದರೊಳಗೆ ಮುಂಡು ಉಟ್ಟ ಒಬ್ಬ ಗಂಡಸು. ಜೀವವಿಲ್ಲದವನು.

ಈ ಗಂಡಸು ನನಗೆ ಸಿಕ್ಕಿದ್ದು ತಿರುವನಂತಪುರದಲ್ಲಿ. ದೊರೆಗಳಿಗೆ ಕೋಟು ಹೊಲಿಯುತ್ತಿದ್ದ ಅಂಗಡಿಯೊಂದು ಮುಚ್ಚುವಾಗ ಅವನನ್ನು ಮೂಲೆಗೆ ತಳ್ಳಿದ್ದರು. ಆಳೆತ್ತರದ ಗಾರೆಯ ಬೊಂಬೆ. ಎಡಪಾದ ಬಿರುಕುಬಿಟ್ಟಿತ್ತು. ಮುಖದ ಬಣ್ಣವೆಲ್ಲ ಹೋಗಿ, ಕಣ್ಣುಗುಡ್ಡೆ ಇದ್ದ ಕಡೆ ಬರೀ ಬಿಳುಪು. ಮನೆಗೆ ತಂದು ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದು ನಮ್ಮ ಕಡೆ ತಿರುಗಿತ್ತು.

"ಕೆಲಸದ ಭಾರ್ಗವಿ ಗುಡಿಸುವಾಗ ತಿರುಗಿಸಿರ್ತಾಳೆ ಕಣೇ" ಎಂದು ಮತ್ತೆ ಗೋಡೆಗೆ ತಿರುಗಿಸಿದೆ. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ.

"ಈ ಭಾರ್ಗವಿಗೆ ಸ್ವಲ್ಪ ಹೇಳಬಾರದೇನೇ?"

"ಭಾರ್ಗವಿ ಇದನ್ನ ನೋಡಿದ ದಿನವೇ ಕೆಲಸ ಬಿಟ್ಟಳು ಕಣ್ರೀ" ಎಂದಳು ಸರೋಜ, ಬಾಗಿಲ ಆಚೆಯಿಂದಲೇ.

ನಾನು ವಿಜ್ಞಾನ ಓದಿದವನು. ಗಾಳಿಗೆ ತಿರುಗಿರಬೇಕು ಎಂದುಕೊಂಡೆ. ಅಂದಿನಿಂದ ಆ ಕಿಟಕಿಯನ್ನೂ ಮುಚ್ಚಿದೆ, ಆ ಕೋಣೆಯ ಬಾಗಿಲನ್ನೂ ಮುಚ್ಚಿದೆ.

ಆಗಷ್ಟೇ ತಿರುವನಂತಪುರದಿಂದ ಕೊಲ್ಲಂ, ಕೋಟ್ಟಯಂ ಮೇಲೆ ಎರ್ನಾಕುಲಂಗೆ ನೇರ ರೈಲು ಬಂದಿತ್ತು. ಗಾರೆ ಉದುರದಿರಲಿ ಎಂದು ಬೊಂಬೆಗೆ ತಲೆಯಿಂದ ಕಾಲತನಕ ಬಿಳಿ ಪಂಚೆ ಸುತ್ತಿ, ಮೂರು ಕಡೆ ಹಗ್ಗ ಕಟ್ಟಿ, ಮೂರನೆಯ ದರ್ಜೆಯ ಬೆಂಚಿನ ಮೇಲೆ ಮಲಗಿಸಿದೆ. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಒಬ್ಬೊಬ್ಬರೇ ಎದ್ದು ದೂರ ಹೋದರು. ಎದುರಿನ ಮುದುಕರೊಬ್ಬರು ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ಮೆಲ್ಲಗೆ, "ಎಲ್ಲಿಗೆ?" ಎಂದರು.

"ಎರ್ನಾಕುಲಂಗೆ. ಅಲ್ಲಿ ನಮ್ಮ ಭಾವ ಕಾಯುತ್ತಿದ್ದಾರೆ."

ಮುದುಕರು ನಿಟ್ಟುಸಿರಿಟ್ಟರು. ಇಳಿಯುವಾಗ ನಾಲ್ಕು ಜನ ಕೇಳದೆಯೇ ಹೆಗಲು ಕೊಟ್ಟರು. ಮಲಯಾಳಿಗಳ ಸೌಜನ್ಯವೇ ಸೌಜನ್ಯ ಎಂದು ನಾನು ಸರೋಜಳಿಗೆ ಕಾಗದ ಬರೆದೆ. ನನ್ನ ತಲೆಯಲ್ಲಿ ಮಿದುಳಿದ್ದಿದ್ದರೆ ಅದು ಅಲ್ಲೇ ಕೆಲಸ ಮಾಡಬೇಕಿತ್ತು.

ಭಾವ ಬೊಂಬೆಯನ್ನು ಒಂದು ಸುತ್ತು ಬಂದು ನೋಡಿದರು. "ರಾಯರೇ, ಇದು ಗಿರಾಕಿನ ಕರೆಯತ್ತೋ ಓಡಿಸತ್ತೋ?" ಎಂದರು. ನಾನು ತಂದಿದ್ದ ಮುಂಡುಗಳು ಸಾಲವೆಂದು ಇನ್ನೊಂದು ಗಂಟು ತರಲು ಅಂದೇ ಬಾಲರಾಮಪುರಕ್ಕೆ ಹೊರಟರು. ಹೊರಡುವಾಗ ಅಂಗಡಿಯ ಹೊಸ್ತಿಲನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಏನಾದರೂ ಸರಿ, ಈ ಮನುಷ್ಯನ ಅಂಗಡಿ ಉಳಿಸಲೇಬೇಕು ಎಂದುಕೊಂಡೆ.

ಬೋರ್ಡು ಬರೆಯಲು ಬಂದ ಕುಟ್ಟಪ್ಪನ್ ಎಂಬ ಪೇಂಟರಿಗೇ ಬೊಂಬೆಯ ಮುಖವನ್ನೂ ಒಪ್ಪಿಸಿದೆ. "ಯಾವ ಮುಖ ಬರೆಯಲಿ ಸಾರ್?" ಎಂದ. "ಯಾವುದಾದರೂ ಒಳ್ಳೆಯ ಮನುಷ್ಯನ ಮುಖ ಬರೆಯಪ್ಪಾ" ಎಂದು ನಾನು ಕಾಫಿ ಕುಡಿಯಲು ಹೋದೆ. ಅವನ ಎದುರಿನ ಗೋಡೆಯ ಮೇಲೆ ಭಾವನ ಫೋಟೋ ಇತ್ತು.

ವಾಪಸು ಬಂದಾಗ ಮಳೆಯ ಮಬ್ಬಿಗೆ ಅಂಗಡಿಯೊಳಗೆ ಕತ್ತಲು. ಬಾಗಿಲಲ್ಲಿ ಭಾವನ ಹೆಂಡತಿ ಲಲಿತಮ್ಮನವರು ನಿಂತು, "ಏನೂಂದ್ರೆ, ಹೋದವರು ಯಾವಾಗ ಬಂದ್ರಿ? ಊಟಕ್ಕೆ ಏಳಿ" ಎನ್ನುತ್ತಿದ್ದರು. ಗೋಡೆಗೊರಗಿ ಭಾವ ನಿಂತಿದ್ದರು. ಅದೇ ಮೀಸೆ, ಮೂಗಿನ ಪಕ್ಕ ಅದೇ ನರಹುಲಿ. ಕುಟ್ಟಪ್ಪನ್ ಕಣ್ಣು ಮಾತ್ರ ಇನ್ನೂ ಬರೆದಿರಲಿಲ್ಲ. ಲಲಿತಮ್ಮನವರಿಗೆ ಅದು ಕಂಡೊಡನೆ ಕೈಯಲ್ಲಿದ್ದ ಛತ್ರಿ ಬಿತ್ತು. "ತೆರೆದ ಕಣ್ಣು ಬೇಡ, ಅರೆಮುಚ್ಚಿದ ಹಾಗೆ ಬರಿ" ಎಂದು ಕುಟ್ಟಪ್ಪನಿಗೆ ಹೇಳಿದೆ. ಅವನು ಪೂರ್ತಿ ಮುಚ್ಚಿಯೇ ಬರೆದ.

ಉದ್ಘಾಟನೆಗೆ ನಾನು ಆರಿಸಿದ್ದು ಭೀಮನ ಅಮಾವಾಸ್ಯೆ. ಲಲಿತಮ್ಮನವರೂ ಹಿಗ್ಗಿದರು. ಮೈಸೂರು ಕಡೆಯ ಮುತ್ತೈದೆಗೆ ಅದಕ್ಕಿಂತ ದೊಡ್ಡ ದಿನ ಯಾವುದು? ದೀಪವಿಟ್ಟು ಪೂಜೆ ಮಾಡಿ ಗಂಡನ ಆಯುಷ್ಯ ಬೇಡುವ ದಿನ. ವ್ರತದ ಕತೆಯಲ್ಲಂತೂ ಸತ್ತ ರಾಜಕುಮಾರನೇ ಎದ್ದು ಕೂರುತ್ತಾನೆ! ಅದೇ ಅಮಾವಾಸ್ಯೆಗೆ ಮಲಯಾಳಿಗಳು ಏನು ಮಾಡುತ್ತಾರೆ ಎಂದು ಕೇಳುವ ಬುದ್ಧಿ ನಮಗಿಬ್ಬರಿಗೂ ಬರಲಿಲ್ಲ.

ಅಂದು ಬೆಳಿಗ್ಗೆ ಬೊಂಬೆಗೆ ಹೊಸ ಮುಂಡು ಉಡಿಸಿ ಕಪಾಟಿನಲ್ಲಿ ನಿಲ್ಲಿಸಿದರೆ, ಬಿರುಕುಬಿಟ್ಟ ಪಾದ ಕಳಚಿ ಕೈಗೆ ಬಂತು. ನಿಲ್ಲದು. ಒರಗದು. ಕೊನೆಗೆ ಮಲಗಿಸೋಣ, ಆರಾಮವಾಗಿ ವಿಶ್ರಾಂತಿ ಪಡೆಯುವ ಗೃಹಸ್ಥನಂತೆ ಕಾಣಲಿ ಎಂದೆ.

"ಉತ್ತರಕ್ಕೆ ತಲೆ ಹಾಕ್ಬೇಡಿ, ಶ್ರೇಯಸ್ಸಲ್ಲ" ಎಂದರು ಲಲಿತಮ್ಮನವರು. ದಕ್ಷಿಣಕ್ಕೆ ತಲೆ ಹಾಕಿದೆ. ಬಿಳಿ ಬಟ್ಟೆಗೆ ಧೂಳು ಹತ್ತದಿರಲಿ ಎಂದು ಕೆಳಗೆ ಬಾಳೆಲೆ ಹಾಸಿದೆ. ಮುರಿದ ಪಾದ ಕಾಣದಿರಲಿ ಎಂದು ಕತ್ತಿನ ತನಕ ಇನ್ನೊಂದು ಹೊಸ ಮುಂಡು ಹೊದಿಸಿದೆ. ತಲೆಯ ಹತ್ತಿರ ಹಿತ್ತಾಳೆ ದೀಪ. ಗಾಜು ಕಾವೇರದಿರಲಿ ಎಂದು ಒಂದೇ ಬತ್ತಿ. ಲಲಿತಮ್ಮನವರು ತಮ್ಮ ಹರಕೆಯಂತೆ ತೆಂಗಿನಕಾಯಿ ಹೋಳುಗಳಲ್ಲಿ ಎಣ್ಣೆ ಹಾಕಿ, ಬತ್ತಿ ಹಚ್ಚಿ ಸುತ್ತಲೂ ಇಟ್ಟರು. ಒಂದು ಸೇರು ಭತ್ತ. ಊದುಬತ್ತಿ. ದೂರ ನಿಂತು ನೋಡಿದೆ. ಆಹಾ, ಎಂಥ ಶಾಂತಿ!

ಲಲಿತಮ್ಮನವರು ಪೂಜೆಯ ತಟ್ಟೆ ತರಲು ಮನೆಗೆ ಹೋದರು. ನಾನು ಹಲಗೆ ತೆಗೆದೆ. ಹೊರಗೆ ಜಿನುಗು ಮಳೆ. ಬೀದಿಯಲ್ಲಿ ಒದ್ದೆ ಬಟ್ಟೆಯ, ಒದ್ದೆ ತಲೆಯ ಜನ ಮಾತಿಲ್ಲದೆ ಗುಂಪುಗುಂಪಾಗಿ ಬರುತ್ತಿದ್ದರು. ಎಲ್ಲರೂ ಆಲುವಾ ಹೊಳೆಯಲ್ಲಿ ಮುಳುಗಿ ಬಂದವರು. ಒಬ್ಬ ಗಾಜಿನ ಮುಂದೆ ನಿಂತ. ಚಪ್ಪಲಿ ಬಿಟ್ಟ. ಕೈಮುಗಿದ. ಅವನ ಹಿಂದೆ ಇನ್ನೊಬ್ಬ. ಅರ್ಧ ಗಂಟೆಯಲ್ಲಿ ನೂರು ಜನ! ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಎದುರಿನ ಅಂಗಡಿಗಳು ಒಂದೊಂದೇ ಹಲಗೆ ಹಾಕಿದವು. ನನ್ನ ಪೈಪೋಟಿಗೆ ಹೆದರಿದರು ಎಂದು ತಿಳಿದೆ.

ಬಾಗಿಲಲ್ಲಿ ನಿಂತು ಎಲ್ಲರಿಗೂ ನಗುನಗುತ್ತಾ ಕೈಮುಗಿದೆ. ಅವರು ನನ್ನ ಕೈಹಿಡಿದು ಒತ್ತಿ, ತಲೆತಗ್ಗಿಸಿ ಮುಂದೆ ಹೋದರು.

"ಯಾವಾಗ?" ಎಂದ ಒಬ್ಬ.

"ಬೆಳಿಗ್ಗೆ ಏಳೂವರೆಗೆ. ಒಳ್ಳೆಯ ಮುಹೂರ್ತ" ಎಂದೆ.

"ತುಂಬಾ ಕಷ್ಟಪಟ್ಟರಾ?"

"ಎರಡು ವರ್ಷದಿಂದ ಕಷ್ಟವೇ. ಈಗ ಎಲ್ಲ ಪರಿಹಾರವಾಯಿತು!"

ಅವನು ನನ್ನ ಹಲ್ಲು ನೋಡಿ ಹಿಂದೆ ಸರಿದ. ಇನ್ನೊಬ್ಬ ಹತ್ತಿರ ಬಂದು, "ಮಾವು ಕಡಿಸಬೇಕಲ್ಲ, ಜನ ಕಳಿಸಲಾ?" ಎಂದ. ತೋರಣ ಆಗಲೇ ಕಟ್ಟಿಯಾಗಿದೆ, ಧನ್ಯವಾದ ಎಂದೆ.

ಆಗ ಗುಂಪು ಸೀಳಿಕೊಂಡು ಪೈಲಿ ಚೇಟ್ಟನ್ ಬಂದ. ಶಿಲುಬೆಯ ಗುರುತು ಹಾಕಿಕೊಂಡ. ಎರಡೂ ಕೈಯಿಂದ ಗಾಜು ಹಿಡಿದು ಗೋಳೋ ಎಂದು ಅತ್ತ. "ಸ್ವಾಮೀ, ನನ್ನ ಚೀಟಿ ನೋಡಿಯೇ ನಿಮ್ಮ ಎದೆ ಒಡೆಯಿತು! ಈ ಅಂಗಡಿ ನಿಮ್ಮದು. ನಿಮ್ಮವರು ಇರುವತನಕ ನಾನು ಇವರನ್ನು ಎಬ್ಬಿಸುವುದಿಲ್ಲ. ದೇವರಾಣೆ, ನಿಮ್ಮ ಮೇಲಾಣೆ!"

ನನ್ನ ಬಾಯಿಯ ನಗು ಅಲ್ಲೇ ಒಣಗಿತು. ಕುಟ್ಟಪ್ಪನ್ ನನ್ನ ತೋಳು ಹಿಡಿದು ಒಳಗೆ ಎಳೆದ.

"ಸಾರ್, ಏನು ಮಾಡಿದ್ದೀರಿ? ಇಂದು ಕರ್ಕಾಟಕದ ಅಮಾವಾಸ್ಯೆ, ವಾವು. ಸತ್ತವರು ಪಿಂಡಕ್ಕೆ ಬರುವ ದಿನ. ತೆಂಕಲಿಗೆ ತಲೆ, ತಲೆಯ ಹತ್ತಿರ ಒಂಟಿ ಬತ್ತಿ, ಸುತ್ತ ತೆಂಗಿನ ಹೋಳಿನ ದೀಪ, ಕೆಳಗೆ ಬಾಳೆಲೆ, ಮೇಲೆ ಹೊಸ ಬಿಳಿಬಟ್ಟೆ! ನಮ್ಮಲ್ಲಿ ಹೆಣ ಮಲಗಿಸುವುದೇ ಹೀಗೆ. ಇನ್ನೇನು ಬಾಕಿ ಉಳಿಸಿದ್ದೀರಿ? ಚಿತೆಗೆ ಮಾವಿನ ಕಟ್ಟಿಗೆ, ಬೆಂಕಿ, ಅಷ್ಟೇ!"

ದೀಪ ಆರಿಸಲು ಹೊರಟೆ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಲಲಿತಮ್ಮನವರು ಹೊಸ ಸೀರೆ, ಮುಡಿತುಂಬಾ ಮಲ್ಲಿಗೆ, ಕೈಯಲ್ಲಿ ಆರತಿ ತಟ್ಟೆ ಹಿಡಿದು ಮುಗುಳ್ನಗುತ್ತಾ ಬಂದರು. ಜನ ಉಸಿರು ಬಿಗಿಹಿಡಿದು ದಾರಿ ಬಿಟ್ಟರು. ಈ ತುದಿಯಿಂದ ತಲೆಯ ಮೇಲೆ ಮುಂಡಿನ ಗಂಟು ಹೊತ್ತು, ಮಳೆಯಲ್ಲಿ ತೊಯ್ದು, ಸ್ಟೇಷನ್ನಿನಿಂದ ನೇರವಾಗಿ ಭಾವ ಬಂದರು.

ಗುಂಪಿನ ಹಿಂದೆ ನಿಂತು ಭಾವ ಕೇಳಿದರು, "ಯಾರು ಹೋದದ್ದು?"

ಮುಂದಿದ್ದವನು ತಿರುಗದೆಯೇ ಹೇಳಿದ, "ನಮ್ಮ ಕನ್ನಡ ಸ್ವಾಮಿ. ಪಾಪ, ಒಳ್ಳೆಯವರು."

ಭಾವ ಗಂಟು ಇಳಿಸಿ, ಚಪ್ಪಲಿ ಬಿಟ್ಟು, ತಾವೂ ಕೈಮುಗಿದರು! ಆಮೇಲೆ ಆ ಮನುಷ್ಯ ತಿರುಗಿದ.

ಅವನು ಕೂಗಲಿಲ್ಲ. ಬಾಯಿ ಮಾತ್ರ ತೆರೆಯಿತು. ಅವನನ್ನು ನೋಡಿ ಪಕ್ಕದವನು ತಿರುಗಿದ, ಅವನ ಪಕ್ಕದವನು ತಿರುಗಿದ. ಬೀದಿಯಲ್ಲಿ ಮಳೆಯ ಸದ್ದೊಂದೇ. ಆಮೇಲೆ ಯಾರೋ ಕಿರುಚಿದರು ನೋಡಿ! ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬೀದಿ ಖಾಲಿ. ಚಪ್ಪಲಿಗಳು ಮಾತ್ರ ಉಳಿದವು, ಮಳೆಯಲ್ಲಿ, ಸಾಲಾಗಿ. ಪೈಲಿ ಚೇಟ್ಟನ್ ಒಬ್ಬ ಗಾಜಿಗೆ ಅಂಟಿಕೊಂಡು ನಿಂತಿದ್ದ. ಭಕ್ತಿಯಿಂದಲ್ಲ, ಕಾಲು ಬರದೆ.

ಭಾವ ಮೆಲ್ಲಗೆ ನಡೆದು ಬಂದು ಗಾಜಿನೊಳಗೆ ಮಲಗಿದ್ದ ತಮ್ಮನ್ನು ತಾವೇ ನೋಡಿದರು. ಬಹಳ ಹೊತ್ತು ನೋಡಿದರು.

"ರಾಯರೇ, ನನ್ನ ಮೂಗು ಅಷ್ಟು ದಪ್ಪ ಇದೆಯೇ?" ಎಂದರು.

ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. "ಹದಿನೈದು ವರ್ಷ ಆಯ್ತು. ಈ ಬೀದೀಲಿ ನಾನೊಬ್ಬ ಇದ್ದೀನಿ ಅಂತ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ" ಎಂದರು. ಲಲಿತಮ್ಮನವರು ಏನನ್ನೂ ಕೇಳದೆ ಅಲ್ಲೇ ಅವರ ಪಾದಕ್ಕೆ ನೀರು ಹಾಕಿ ಪೂಜೆ ಮಾಡಿದರು. ನಾನು ಮಾಡಿದ ಪಾಪಕ್ಕೆ ಭೂಮಿ ಬಾಯಿಬಿಡಬಾರದೇ ಎಂದು ಕಾದೆ. ಬಿಡಲಿಲ್ಲ.

ಪೈಲಿ ಚೇಟ್ಟನ್ ಮಾತಿಗೆ ತಪ್ಪಲಿಲ್ಲ. ವಾವಿನ ದಿನ, ನೂರು ಜನರ ಮುಂದೆ, ಹೆಣದ ಮೇಲೆ ಇಟ್ಟ ಆಣೆ. ಹೆಣ ಗಾರೆಯದು ಎಂದ ಮಾತ್ರಕ್ಕೆ ಆಣೆ ಸುಳ್ಳಾಗುತ್ತದೆಯೇ? ಅಂಗಡಿ ಉಳಿಯಿತು. ಸೂರನ್ನೂ ರಿಪೇರಿ ಮಾಡಿಸಿದ. ಆದರೆ ಓಣಂ ಬಂತು, ಹೋಯಿತು. ಒಂದು ಮುಂಡನ್ನೂ ಒಬ್ಬರೂ ಕೊಳ್ಳಲಿಲ್ಲ. ಸತ್ತವನ ಮೈಮೇಲಿನ ಬಟ್ಟೆಯನ್ನು ಹಬ್ಬಕ್ಕೆ ಯಾರು ಉಡುತ್ತಾರೆ? 'ನವಜೀವನ' ಎಂಬ ಹೆಸರು ಬೋರ್ಡಿನ ಮೇಲೆ ಮಾತ್ರ ಉಳಿಯಿತು. ಪೇಟೆಯ ಬಾಯಲ್ಲಿ ಅದು 'ಸತ್ತ ಸ್ವಾಮಿಯ ಅಂಗಡಿ'.

ಓಣಂ ಕಳೆದು ಹತ್ತು ದಿನಕ್ಕೆ ಒಬ್ಬ ತಲೆತಗ್ಗಿಸಿ ಬಂದು, ತಂದೆಗೆ ಹೊದಿಸಲು ಒಂದು ಹೊಸ ಬಿಳಿಬಟ್ಟೆ ಕೇಳಿದ. ಮರುದಿನ ಮತ್ತೊಬ್ಬ. ಸ್ವತಃ ಸತ್ತು ಬಂದವನ ಕೈಯಿಂದ ಕೊಂಡರೆ ಹೋದವರಿಗೆ ದಾರಿ ಸುಗಮ ಎಂದು ಊರೆಲ್ಲ ಮಾತಾಯಿತಂತೆ. ಈ ವ್ಯಾಪಾರಕ್ಕೆ ಹಬ್ಬ ಬೇಡ, ಸೀಸನ್ ಬೇಡ. ಚೌಕಾಸಿ ಮಾಡುವ ಗಿರಾಕಿಯೂ ಇಲ್ಲ. ಬೊಂಬೆಯನ್ನು ಭಾವ ಅಟ್ಟಕ್ಕೆ ಹಾಕಿದ್ದಾರೆ, ಗೋಡೆಗೆ ಮುಖಮಾಡಿ. ಅದು ಈಗ ಯಾವ ಕಡೆ ತಿರುಗಿದೆ ಎಂದು ನಾನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.

ಕಳೆದ ಸಲ ಎರ್ನಾಕುಲಂಗೆ ಹೋದಾಗ ಭಾವ ನನ್ನ ಕೈಹಿಡಿದು ಒಳಗೆ ಕರೆದರು. ಕಪಾಟಿನಿಂದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಮೇಲೆ ಕನ್ನಡದಲ್ಲಿ ನನ್ನ ಹೆಸರು.

"ನೀವು ಮಾಡಿದ ಉಪಕಾರಕ್ಕೆ ನಾನೇನು ಕೊಡಲಿ ರಾಯರೇ? ಬಾಲರಾಮಪುರದ ಮೊದಲನೇ ನಂಬರ್ ನೂಲು. ನಿಮಗೇಂತ ತೆಗೆದಿಟ್ಟಿದ್ದೀನಿ. ಯಾವಾಗ ಬೇಕಾದ್ರೂ ತಗೊಳ್ಳಿ, ಅವಸರವಿಲ್ಲ. ಎಷ್ಟು ಒಗೆದ್ರೂ ಬಿಳುಪು ಹೋಗಲ್ಲ."

"ಒಗೆಯೋರು ಯಾರು ಭಾವ?" ಎಂದೆ.

ಭಾವ ಯೋಚಿಸಿದರು. ಪೊಟ್ಟಣವನ್ನು ವಾಪಸು ಇಟ್ಟು, ಸ್ವಲ್ಪ ಕೆಳದರ್ಜೆಯದೊಂದನ್ನು ತೆಗೆದು ಅದರ ಮೇಲೆ ನನ್ನ ಹೆಸರು ಬರೆದರು.